ಕೊಲೆಗಾರನಿಗೊಂದು ಬಾಡಿಗೆ ರೂಮು

"ಅಣ್ಣಾ, ಎಂಟನೇ ಕ್ರಾಸ್ ಎಲ್ಲಿ ಬರುತ್ತೆ?"

"ಹಿಂದೇನೇ ಬಿಟ್ಟು ಬಂದ್ರಲ್ಲ ಮೇಡಂ! ಹನ್ನೊಂದು ಆದ್ಮೇಲೆ ಎಂಟು, ಎಂಟಾದ್ಮೇಲೆ ಮೂರು."

ಬೆಂಗಳೂರಿನ ಲಗ್ಗೆರೆಯ ಅದೇ ಪಂಕ್ಚರ್ ಅಂಗಡಿಯ ಮುಂದೆ ನಾನು ಮೂರನೇ ಸಲ ಸ್ಕೂಟರ್ ನಿಲ್ಲಿಸಿದ್ದೆ. ಇಸ್ತಾಂಬುಲ್ ಗಲ್ಲಿಗಳಲ್ಲಿ ಭಾಷೆ ಬಾರದೆ, ಮ್ಯಾಪಿಲ್ಲದೆ ಅಲೆದು ವಾಪಸ್ ಬಂದವಳು ನಾನು! ಧಾರಾವಾಹಿಗಳಿಗೆ ಶೂಟಿಂಗ್ ಜಾಗ ಹುಡುಕುವ ಕೆಲಸ ಹಿಡಿದ ಮೇಲೆ ವಾರಕ್ಕೊಂದು ಸಲವಾದರೂ ಹೀಗೆ ಮರ್ಯಾದೆ ಹೋಗುವುದು ಅಭ್ಯಾಸವಾಗಿದೆ.

ಆಗ ಮಾಡುತ್ತಿದ್ದದ್ದು ಒಂದು ಕ್ರೈಂ ಧಾರಾವಾಹಿ. ದುಬೈನಲ್ಲಿ ಪಾಲುದಾರನನ್ನು ಕೊಂದವನೊಬ್ಬ ಹೆಸರು ಬದಲಿಸಿಕೊಂಡು ಬಂದು, ಪೀಣ್ಯದ ಲೇತ್ ಮೆಷಿನ್ ಮುಂದೆ ಹೊಸ ಬದುಕು ಶುರುಮಾಡುತ್ತಾನೆ. "ಪೊಲೀಸರು ತಲೆಕೆಳಗಾದರೂ ಅವನು ಸಿಗಬಾರದು, ಅಂಥ ಏರಿಯಾ ನೋಡಿ" ಎಂದಿದ್ದರು ನಿರ್ದೇಶಕರು.

ಪಂಕ್ಚರ್ ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಅವನು ನಕ್ಕ. "ಹಂಗಿದ್ರೆ ಸರಿಯಾದ ಕಡೆ ಬಂದಿದೀರ. ನನ್ನ ಮದುವೆಗೆ ಬಂದ ನೆಂಟರು ಪಕ್ಕದ ಕ್ರಾಸಿನ ಮದುವೇಲಿ ಊಟ ಮಾಡಿ, ಅಲ್ಲೇ ಮುಯ್ಯಿ ಹಾಕಿ ಹೊರಟುಹೋದ್ರು!"

ಅಲ್ಲೇ ನಿಂತು ನಿರ್ದೇಶಕರಿಗೆ ಫೋನ್ ಮಾಡಿದೆ. "ಸಾರ್, ಜಾಗ ಸಿಕ್ತು!"

"ಸಕ್ಕತ್! ಎಲ್ಲಿದೆ?"

"ಅದೊಂದು ಗೊತ್ತಿಲ್ಲ ಸಾರ್!"

ಸಂಸಾರಸ್ಥ

ಕೊನೆಗೂ ಎಂಟನೇ ಕ್ರಾಸ್ ಸಿಕ್ಕಿತು. ಮೂರಂತಸ್ತಿನ ಮನೆ, ಮೇಲೆ ಖಾಲಿ ರೂಮು, ಕೆಳಗೆ ಓನರಮ್ಮ. ಕಥೆಯನ್ನೆಲ್ಲ ಹೇಳಿದೆ. ಸುಪಾರಿ, ರಕ್ತ, ಸುಳ್ಳು ಪಾಸ್‌ಪೋರ್ಟ್ ಎಲ್ಲದಕ್ಕೂ ಆಕೆ ತಲೆಯಾಡಿಸುತ್ತ ಹುರುಳಿಕಾಯಿ ನಾರು ಬಿಡಿಸುತ್ತಿದ್ದರು.

"ಮದುವೆ ಆಗಿದ್ಯಾ?"

"ನಟನಿಗಾ?"

"ಅಲ್ಲ ಕಣ್ರೀ, ಕೊಲೆ ಮಾಡಿದ್ದಾನಲ್ಲ, ಅವನಿಗೆ."

"ಇಲ್ಲಮ್ಮ. ಒಂಟಿ ಮನುಷ್ಯ."

"ಹಂಗಾದ್ರೆ ಆಗಲ್ಲ. ನಾವು ಬ್ಯಾಚಲರ್ಸ್‌ಗೆ ಕೊಡಲ್ಲ."

ಅರ್ಧ ಗಂಟೆ ಬೇಡಿಕೊಂಡೆ. ಅವರು ಕಾಯಿ ಬಿಡಿಸುವುದನ್ನೂ ನಿಲ್ಲಿಸಲಿಲ್ಲ, ಪಟ್ಟನ್ನೂ ಬಿಡಲಿಲ್ಲ. ಸಂಜೆಯೊಳಗೆ ನಮ್ಮ ಬರಹಗಾರರು ಐದನೇ ಕಂತಿನಲ್ಲಿ ಕೊಲೆಗಾರನಿಗೆ ಮದುವೆ ಮಾಡಿಸಿದರು.

ಕೀ ಕೊಡುವಾಗ ಓನರಮ್ಮ ನನ್ನ ಕೈ ಹಿಡಿದುಕೊಂಡರು. "ನೋಡಿ ಮೇಡಂ, ಉಳಿದ ಮನೆಗಳ ಬಾಡಿಗೆಯೆಲ್ಲ ಮಗನ ಕೈಗೆ ಹೋಗುತ್ತೆ. ಈ ರೂಮಿನದೊಂದೇ ನನ್ನದು. ನಮ್ಮ ಬಾಗಿಲಲ್ಲಿ ಮಾತ್ರ ನಿಮ್ಮ ಕೊಲೆಗಾರನಿಗೆ ಬೇಡಿ ಹಾಕಿಸ್ಬೇಡಿ. ಅದನ್ನ ಟೀವೀಲಿ ನೋಡಿದ ಮೇಲೆ ಯಾರು ಬರ್ತಾರೆ?"

"ಹಾಕಿಸಲ್ಲಮ್ಮ, ನನ್ನ ಮಾತು" ಎಂದೆ.

ನಮ್ಮ ಧಾರಾವಾಹಿಗೆ ನಾಯಕಿ ಹುಟ್ಟಿದ್ದು ಹೀಗೆ. ಆ ಹುಡುಗಿ ಸಂದರ್ಶನಗಳಲ್ಲಿ ಇವತ್ತಿಗೂ ತನ್ನ ಅವಕಾಶಕ್ಕೆ ದೇವರೇ ಕಾರಣ ಅನ್ನುತ್ತಾಳೆ.

ಕೆಲಸಕ್ಕೆ ಆಳು ಬೇಕು

ಕೊಲೆಗಾರ ಕೆಲಸ ಕೇಳಿಕೊಂಡು ವರ್ಕ್‌ಶಾಪಿಗೆ ಬರುವ ದೃಶ್ಯ. ಸಹಜವಾಗಿರಲಿ ಎಂದು ಪೀಣ್ಯದ ವರ್ಕ್‌ಶಾಪ್ ಮಾಲೀಕರನ್ನೇ ಮಾಲೀಕರ ಪಾತ್ರಕ್ಕೆ ನಿಲ್ಲಿಸಿದ್ದೆವು. ಅವರು ಹೆಸರೇನು, ಯಾವ ಊರು ಎಂದು ಪ್ರಶ್ನೆ ಮೇಲೆ ಪ್ರಶ್ನೆ ಹಾಕಬೇಕು, ಇವನು ಬೆವರಬೇಕು.

"ಆಕ್ಷನ್!"

"ಲೇತ್ ಬರುತ್ತಾ?" ಎಂದರು ಮಾಲೀಕರು.

"ಬರುತ್ತೆ ಸಾರ್."

"ನಾಳೆಯಿಂದ ಬಾ."

"ಕಟ್! ಸಾರ್, ಹೆಸರು ಕೇಳ್ಬೇಕು, ಅನುಮಾನ ಪಡ್ಬೇಕು!"

ನಾಲ್ಕು ಟೇಕ್ ಆಯಿತು. ನಾಲ್ಕು ಸಲವೂ ಕೊಲೆಗಾರನಿಗೆ ತಕ್ಷಣ ಕೆಲಸ ಸಿಕ್ಕಿತು. ನಿರ್ದೇಶಕರು ತಲೆ ಚಚ್ಚಿಕೊಂಡಾಗ ಮಾಲೀಕರಿಗೂ ಸಿಟ್ಟು ಬಂತು.

"ಲೇತ್ ಬರೋ ಆಳಿಗೆ ಬೋರ್ಡ್ ಹಾಕಿ ಆರು ತಿಂಗಳಾಯ್ತು, ಗೊತ್ತಾ ನಿಮಗೆ? ಹೆಸರು ಕೇಳಿ, ಇವನು ಹೆದರಿ ಓಡಿಹೋದ್ರೆ? ಇರೋ ಆರ್ಡರ್ ನೀವು ಮುಗಿಸಿಕೊಡ್ತೀರಾ?"

ಖಾಲಿ ಇದೆ

ಮೂರು ತಿಂಗಳಾಗುವಷ್ಟರಲ್ಲಿ ಚಾನೆಲ್ಲಿನವರು ಧಾರಾವಾಹಿಯನ್ನು ಎರಡೇ ದಿನದಲ್ಲಿ ಮುಗಿಸಿ ಎಂದುಬಿಟ್ಟರು. ಕೊಲೆಗಾರ ಸಿಕ್ಕಿಬೀಳಲೇಬೇಕು. ಬೇರೆ ಜಾಗ ಹುಡುಕಲು ಟೈಮಿಲ್ಲ. "ಓನರಮ್ಮ ತುಮಕೂರಿಗೆ ನಾಮಕರಣಕ್ಕೆ ಹೋಗಿದ್ದಾರೆ, ಬರೋದ್ರೊಳಗೆ ಮುಗಿಸಿಬಿಡೋಣ" ಎಂದರು ನಿರ್ದೇಶಕರು. ನಾನು ಮಾತು ಕೊಟ್ಟಿದ್ದೀನಿ ಎಂದು ಕೂಗಾಡಿದೆ. ಆಮೇಲೆ, ನಾಚಿಕೆಗೇಡು, ಸುಮ್ಮನಾದೆ.

ಮಧ್ಯಾಹ್ನ ಮೂರು ಗಂಟೆ. ಇಡೀ ಎಂಟನೇ ಕ್ರಾಸ್ ಮಾಳಿಗೆಗಳ ಮೇಲೆ. ಇನ್‌ಸ್ಪೆಕ್ಟರ್ ಪಾತ್ರಧಾರಿ ಬಾಗಿಲಲ್ಲಿ ಬೇಡಿ ತೊಡಿಸಿದ್ದೇ ತಡ, ಒಂದು ಆಟೋ ಬಂದು ನಿಂತಿತು. ರೇಷ್ಮೆ ಸೀರೆಯಲ್ಲಿ ಓನರಮ್ಮ! ಒಂದೇ ಕ್ಷಣ ನೋಡಿದರು. ಕ್ಯಾಮೆರಾ ಓಡುತ್ತಲೇ ಇತ್ತು. ನೇರ ಇನ್‌ಸ್ಪೆಕ್ಟರ್ ಎದುರಿಗೆ ಹೋಗಿ ನಿಂತರು.

"ಸ್ವಾಮಿ, ನೀವು ಹುಡುಕ್ತಿರೋನು ಇಲ್ಲಿಲ್ಲ. ಖಾಲಿ ಮಾಡ್ಕೊಂಡು ಹೋಗಿ ತಿಂಗಳಾಯ್ತು!"

ಇನ್‌ಸ್ಪೆಕ್ಟರಿಗೆ ಡೈಲಾಗೇ ಮರೆತುಹೋಯಿತು. ಬೇಡಿ ಹಾಕಿದ ಕೈ ತೋರಿಸಿ ತೊದಲಿದ. "ಮತ್ತೆ... ಇವನ್ಯಾರು?"

"ಇವರಾ? ರೂಮ್ ನೋಡೋಕೆ ಬಂದಿದ್ದಾರೆ!"

ಮಾಳಿಗೆಗಳ ಮೇಲಿಂದ ಶಿಳ್ಳೆಯೋ ಶಿಳ್ಳೆ! ನಿರ್ದೇಶಕರು ಕಣ್ಣೊರೆಸಿಕೊಂಡು ನಕ್ಕು, ಅದನ್ನೇ ಕೊನೆಯ ಕಂತಿಗೆ ಹಾಕಿಬಿಟ್ಟರು. ಊರೆಲ್ಲ ನೋಡಿತು. ಓನರಮ್ಮ ಮಾತ್ರ ಮುಖ ತಿರುಗಿಸಿಕೊಂಡು ಒಳಗೆ ಹೋಗಿದ್ದರು.

ಎರಡು ತಿಂಗಳ ಮೇಲೆ ಅವರ ಫೋನು. "ದಿನಾ ಜನ ಬರ್ತಾರೆ ಮೇಡಂ. ಬೇಡಿ ಎಲ್ಲಿ ಹಾಕಿದ್ದು ಅಂತ ಕೇಳ್ತಾರೆ, ಫೋಟೋ ತಗೋತಾರೆ, ಹೋಗ್ತಾರೆ. ರೂಮು ಹಂಗೇ ಇದೆ." ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಬೈಯಲಿಲ್ಲ.

ಯಾವ ಊರಲ್ಲೂ ನಾಲ್ಕು ತಿಂಗಳ ಮೇಲೆ ನಿಲ್ಲದ ನಾನು, ಹೋಗಿ ಆ ರೂಮಿನ ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಸಹಿ ಹಾಕಿದೆ. ಸೂಟ್‌ಕೇಸ್ ಹೊತ್ತು ಮೆಟ್ಟಿಲು ಹತ್ತುವಾಗ, ಪಕ್ಕದ ರೂಮಿನ ಬಾಗಲಕೋಟೆ ಕಡೆಯ ಹೆಂಗಸು ಕೊಡ ಕೆಳಗಿಟ್ಟು ನನ್ನನ್ನೇ ನೋಡಿದಳು. ದನಿ ತಗ್ಗಿಸಿ ಕೇಳಿದಳು.

"ಅಕ್ಕಾರ, ನೀವೇನ್ ಮಾಡಿ ಬಂದೀರಿ?"

"ಮಾತು ಕೊಟ್ಟು ತಪ್ಪಿದೆ ಕಣಮ್ಮ."

"ಅಷ್ಟಕ್ಕನ? ಎಷ್ಟ್ ದಿನದ ಶಿಕ್ಷಾ ಹಾಕ್ಯಾರ್ರಿ?"

"ಹನ್ನೊಂದು ತಿಂಗಳು" ಎಂದು ಹೇಳಿ ಬಾಗಿಲು ತೆಗೆದೆ.