ಮಿಕ್ಸಿಯ ಮರೆಯಲ್ಲಿ ಕಿರುಚಾಟ

ಜೋರಾಗಿ ಮಾತಾಡುವುದು ನನಗೆ ಬಾರದು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದ್ದೇನೆ, ಹಿಂದಿನ ಬೆಂಚಿನವರಿಗೆ ಕೇಳಿಸಿತ್ತೆಂಬ ಖಾತ್ರಿಯಿಲ್ಲ. ಯಡಿಯೂರಿನ ನಮ್ಮ ಮನೆಯ ಮಹಡಿ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ಬಂದ ಚೈತ್ರಾ ನನಗಿಂತಲೂ ಮೆಲ್ಲಗೆ ಮಾತಾಡಿದ್ದರಿಂದಲೇ ಕೂಡಲೇ ಒಪ್ಪಿಕೊಂಡೆ. ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಬಿಡುವಿನಲ್ಲಿ ಬ್ಯಾಂಡಿನಲ್ಲಿ ಹಾಡುತ್ತೇನೆ ಎಂದಳು. ನಾನು ಭಾವಗೀತೆ ಎಂದುಕೊಂಡೆ.

ಅದು ಮೆಟಲ್ ಎಂಬ ಸಂಗೀತ. ಅದರಲ್ಲಿ ಇವಳ ಪಾಲಿನ ಕೆಲಸ ಕಿರುಚುವುದು. ಮೊದಲ ಬೆಳಿಗ್ಗೆ ಕಳ್ಳ ನುಗ್ಗಿದನೆಂದು ದೋಸೆಯ ಸಟ್ಟುಗ ಹಿಡಿದೇ ಮೇಲಕ್ಕೆ ಓಡಿದೆ. ಸಟ್ಟುಗ ಎಂದು ಬರೆದೆ, ಪೊರಕೆಯೂ ಇರಬಹುದು. ನನ್ನ ನೆನಪು ಚಂದ ಕಂಡದ್ದನ್ನು ಕೈಗೆ ಕೊಡುತ್ತದೆ. ಇನ್ನೊಂದು ಸಲ ಕೇಳಿಸಿದರೆ ಹುಡುಗಿಯನ್ನು ಖಾಲಿ ಮಾಡಿಸಬೇಕೆಂದು ಪಕ್ಕದ ಮನೆಯ ರಾಯರು ಹೇಳಿ ಹೋದರು. ನಮ್ಮವರು ಆ ಕೆಲಸವನ್ನು ನನಗೆ ವಹಿಸಿ ಪೇಪರು ಬಿಡಿಸಿದರು.

ಹೇಳಲೆಂದೇ ಹೋದೆ. ಅವಳು ನನ್ನ ಅಂಗೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. "ಗಂಟಲಿಂದ ಅಲ್ಲ ಆಂಟಿ, ಇಲ್ಲಿಂದ ಬರ್ಬೇಕು. ಇಡೀ ದಿನ ಸಾರಿ ಸಾರ್, ಸಾರಿ ಮೇಡಂ ಅಂತಿರ್ತೀನಲ್ಲ, ಅದೆಲ್ಲ ಇಲ್ಲೇ ಕೂತಿರುತ್ತೆ." ನನ್ನ ಹೊಟ್ಟೆಯಲ್ಲಿ ಕೂತಿರುವುದೆಲ್ಲ ನೆನಪಾಗಿ, ಹೇಳಬೇಕಾದದ್ದು ಮರೆತುಹೋಯಿತು. ಬೆಳಿಗ್ಗೆ ನಾನು ಮಿಕ್ಸಿ ಹಾಕಿದಷ್ಟು ಹೊತ್ತು ಮಾತ್ರ ಅವಳು ಕಿರುಚುವುದೆಂದು ಒಪ್ಪಂದವಾಯಿತು.

ಮನೆಯಲ್ಲಿ ಚಟ್ನಿ ಹೆಚ್ಚಾಯಿತು. ಉಪ್ಪಿಟ್ಟಿಗೂ ಎರಡು ಬಗೆಯ ಚಟ್ನಿ ಯಾಕೆಂದು ನಮ್ಮವರು ಕೇಳಿದ ಮೇಲೆ ಖಾಲಿ ಜಾರನ್ನೇ ತಿರುಗಿಸತೊಡಗಿದೆ. ಆ ಸದ್ದಿನೊಳಗೆ ನಾನೂ ಹೊಟ್ಟೆಯ ಮೇಲೆ ಕೈಯಿಟ್ಟು, ಸುಮ್ಮನೆ ಬಾಯಿ ತೆರೆದು ನೋಡುತ್ತಿದ್ದೆ. ಮೊದಮೊದಲು ಗಾಳಿ ಮಾತ್ರ ಬರುತ್ತಿತ್ತು.

ಒಂದು ಬೆಳಿಗ್ಗೆ ಕರೆಂಟ್ ಹೋಯಿತು. ಮಿಕ್ಸಿ ನಿಂತಿತು, ಕಿರುಚಾಟ ನಿಲ್ಲಲಿಲ್ಲ. ಗೇಟಿಗೆ ಬಂದ ರಾಯರು, "ಇವತ್ತೇ ಆ ಹುಡುಗೀನ ಕಳಿಸಿಬಿಡಿ," ಎಂದರು. ಅಷ್ಟರಲ್ಲಿ ಚೈತ್ರಾ ಹಾಲಿನ ಪ್ಯಾಕೆಟ್ ಹಿಡಿದು ಬೀದಿಯ ಕಡೆಯಿಂದ ಅವರ ಬೆನ್ನ ಹಿಂದೆಯೇ ಬಂದಳು. ರಾಯರು ಅವಳನ್ನು ನೋಡಿದರು, ಮಹಡಿಯನ್ನು ನೋಡಿದರು.

"ಮತ್ತೆ ಕಿರುಚಿದ್ಯಾರು?"

"ನಾನೇ," ಎಂದೆ.

ಮನೆಯ ಯಜಮಾನಿಯನ್ನೇ ಖಾಲಿ ಮಾಡಿಸುವುದು ಹೇಗೆಂದು ತಿಳಿಯದೆ ರಾಯರು ಹೊರಟುಹೋದರು. ಚೈತ್ರಾ ಈಗಲೂ ಮಹಡಿಯಲ್ಲೇ ಇದ್ದಾಳೆ. ಅವತ್ತಿನ ಆ "ನಾನೇ" ಎಂಬ ಮಾತನ್ನು ನಾನು ಸೊಂಟದ ಮೇಲೆ ಕೈಯಿಟ್ಟು, ಬೀದಿಗೆಲ್ಲ ಕೇಳುವಂತೆ ಹೇಳಿದೆನೆಂದೇ ನನ್ನ ನೆನಪು. ಚೈತ್ರಾ ಹೇಳುವ ಪ್ರಕಾರ, ರಾಯರು "ಏನಂದ್ರಿ?" ಎಂದು ಮೂರು ಸಲ ಕೇಳಬೇಕಾಯಿತಂತೆ.