ಹಬ್ಬದ ಪಟ್ಟೆ, ಸರ್ಕಾರದ ಗೆರೆ

ಶಿಡ್ಲಘಟ್ಟದ ನಮ್ಮ ಮನೆಯ ಜಗಲಿಯಲ್ಲಿ, ರಸ್ತೆಯಂಚಿನ ಕಂಬಕ್ಕೆ ಒಂದು ಕೈ ಕೊಟ್ಟು ನಾನು ನಿಂತಿದ್ದೆ. ತೊಂಬತ್ತರ ದಶಕದ ಆರಂಭ, ಯುಗಾದಿ ಕಳೆದ ವಾರ. ಚಿಕ್ಕಬಳ್ಳಾಪುರದ ಬೆಳಗಿನ ಬಸ್ಸು ಆಗತಾನೆ ಹೋಗಿತ್ತು. ಅದರಲ್ಲಿ ನಾನಿರಬೇಕಿತ್ತು, ಅಂದು ಕಾಲೇಜಿನಲ್ಲಿ ‘ಖಾಸಗಿ ಆಸ್ತಿ ಮತ್ತು ಪ್ರಭುತ್ವ’ ಪಾಠ ಮುಗಿಸುವುದಿತ್ತು. ನಿಂತ ಜಾಗವನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ.

ದುಡಿದವನದೇ ನೆಲ ಎನ್ನುವವರು, ನೆಲವೆಲ್ಲ ಸಮಾಜದ್ದು ಎನ್ನುವವರು, ಪರಿಹಾರ ಕೊಟ್ಟು ಪ್ರಭುತ್ವ ತೆಗೆದುಕೊಳ್ಳಬಹುದು ಎನ್ನುವವರು, ಎಲ್ಲರ ಪರವಾಗಿಯೂ ಒಂದೇ ತರಗತಿಯಲ್ಲಿ ವಾದಿಸಬಲ್ಲವನು ನಾನು. ಹಾಗಾಗಿ ರಸ್ತೆ ಅಗಲಿಸುವವರು ಜಗಲಿ ಮುಗಿಯುವಲ್ಲಿ ಗೋಡೆಗೆ ಕೆಂಪು ಗೆರೆ ಎಳೆದು ಹೋದಾಗ, ಜಗಲಿಯನ್ನು ಮನಸ್ಸಿನಲ್ಲೇ ಬಿಟ್ಟುಕೊಟ್ಟಿದ್ದೆ. ನನ್ನ ಹೆಂಡತಿ ಸರೋಜ ಆ ಗೆರೆಯನ್ನು ಲೆಕ್ಕಕ್ಕೇ ಇಡಲಿಲ್ಲ. ಹಬ್ಬಕ್ಕೆ ಅದರ ಮೇಲೆ ಸುಣ್ಣ ಬಳಿದು, ವಾಡಿಕೆಯಂತೆ ಮನೆಯ ಬದಿಯ ಗೋಡೆಗೆ ಬೀದಿಯಿಂದ ಹಿತ್ತಲವರೆಗೂ ಸಾಲಾಗಿ, ಮೇಲಿಂದ ಕೆಳಕ್ಕೆ ಕೆಮ್ಮಣ್ಣಿನ ಉದ್ದುದ್ದ ಪಟ್ಟೆ ಎಳೆದಿದ್ದಳು.

ಈಗ ಹಾರೆ ಹಿಡಿದ ಆಳುಗಳು ಆ ಗೋಡೆಯನ್ನೇ ನೋಡುತ್ತಿದ್ದರು. “ಎಂತವರಕು ಕೊಟ್ಟಾಲಿ?” ಎಂದು ಒಬ್ಬ ತೆಲುಗಿನಲ್ಲಿ ಕೇಳಿದ. ಎಲ್ಲಿಯ ತನಕ ಒಡೆಯಬೇಕು ಎಂದು. ಮೇಸ್ತ್ರಿ ನಾರಾಯಣಪ್ಪ ಪಟ್ಟೆಗಳ ಮೇಲೆ ಕಣ್ಣಾಡಿಸಿ, “ಕೆಂಪು ಗೆರೆ ತನಕ ಅಂದವ್ರೆ. ಕೊನೇ ಗೆರೆ ಹಿತ್ತಲಾಗೈತೆ” ಎಂದ.

ಎದುರುಮನೆಯ ಖಾದರ್ ಸಾಬರು, “ಮೇಷ್ಟ್ರೇ, ಏನಾದ್ರೂ ಹೇಳಿ. ನಿಮ್ಮ ಅಡಿಗೆಮನೇಲಿ ಲಾರಿ ಓಡಾಡ್ತವೆ” ಎಂದರು. ನಾನು ಗಂಟಲು ಸರಿಮಾಡಿಕೊಂಡು, “ಇದರಲ್ಲಿ ಮೂರು ದೃಷ್ಟಿಕೋನಗಳಿವೆ” ಎಂದೆ. ಮೊದಲ ಹಾರೆ ಜಗಲಿಗೆ ಬಿತ್ತು. ಕಾಲಡಿಯ ಕಲ್ಲು ಅದುರಿತು. ಮುಂದಿನ ಕೋಣೆಯಲ್ಲಿ ಸರೋಜಳ ಹೊಲಿಗೆ ಮಿಷನ್ ಇತ್ತು. ನಮ್ಮ ಅರ್ಧ ಸಂಸಾರ ನಡೆಯುತ್ತಿದ್ದುದು ಅದರಿಂದ. ಎರಡನೆಯ ದೃಷ್ಟಿಕೋನ ನನಗೆ ನೆನಪಾಗಲಿಲ್ಲ.

ಸರೋಜ ಕೆಮ್ಮಣ್ಣಿನ ಬಟ್ಟಲು ಹಿಡಿದು ಹೊರಗೆ ಬಂದಳು. ಹೊಸಿಲಿನ ಮುಂದೆ ಬಗ್ಗಿ, ನೆಲದ ಮೇಲೆ ದಪ್ಪಗೆ ಒಂದು ಗೆರೆ ಎಳೆದಳು.

“ಇದಪ್ಪ ನಿಮ್ಮ ಗೆರೆ. ಅವೆಲ್ಲ ಹಬ್ಬದ್ದು. ನಿಮ್ಮನೇಲಿ ಬಳಿಯಲ್ವಾ?”

“ಬಳೀತಾರಮ್ಮ.” ನಾರಾಯಣಪ್ಪ ತಲೆ ಕೆರೆದುಕೊಂಡ. ಆಮೇಲೆ ನನ್ನ ಕಡೆ ನೋಡಿದ. “ಮೇಷ್ಟ್ರು ಗೆರೆಯಿಂದೀಚೆ ನಿಂತವ್ರಲ್ಲಮ್ಮ?”

“ಅವ್ರು ಯಾವ ಕೆಲಸಕ್ಕೂ ಅಡ್ಡ ಬರಲ್ಲ. ನೀವು ಒಡೀರಿ.”

ಜಗಲಿ ಹೋಯಿತು, ಮನೆ ಉಳಿಯಿತು. ನಾರಾಯಣಪ್ಪ ಈಗಿಲ್ಲ. ಖಾದರ್ ಸಾಬರಿದ್ದಾರೆ, ಸರೋಜ ಇದ್ದಾಳೆ. ನಾನು ಗೆರೆಯ ಯಾವ ಕಡೆ ನಿಂತಿದ್ದೆ ಎಂಬುದನ್ನು ಇಬ್ಬರೂ, ಯಾರೂ ಕೇಳದಿದ್ದರೂ, ಹೇಳುತ್ತಾರೆ.