ಅನಿಕೇತನ ತೂಕ

೧೯೯೭ನೆಯ ಇಸವಿ ಏಪ್ರಿಲ್ ಹನ್ನೆರಡು, ಶನಿವಾರ. ಲಂಡನ್ನಿನ ಕೆಂಟನ್ ಬಡಾವಣೆಯ ಮಲ್ಲಪ್ಪನವರ ಮನೆಯಲ್ಲಿ ಬೆಳಗಿನ ಎಂಟು ಗಂಟೆಯೊಳಗೆ ಇಪ್ಪತ್ತಮೂರು ಜೋಳದ ರೊಟ್ಟಿಗಳು ಮುಗಿದಿದ್ದವು. ಮಲ್ಲಪ್ಪನವರು ತಿಂದದ್ದು ಎರಡು. ಅವರ ಪತ್ನಿ ಗಿರಿಜಾದೇವಿ ತಿಂದದ್ದು ಒಂದು. ಉಳಿದವು ಅನಿಕೇತನ ಲೆಕ್ಕಕ್ಕೆ ಸೇರುತ್ತವೆ.

ಅನಿಕೇತ ಮಲ್ಲಪ್ಪನವರ ಅಣ್ಣನ ಮಗ. ಅಮೆರಿಕದಲ್ಲಿ ಹುಟ್ಟಿ, ಅಲ್ಲಿಯ ಕಾಲೇಜಿನ ತಂಡದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿದವನು. ಆ ಆಟದಲ್ಲಿ ಚೆಂಡು ಎಸೆಯುವವನನ್ನು ಎದುರಾಳಿಗಳು ಕೆಡವದಂತೆ ಐದು ಜನ ಗೋಡೆಯಾಗಿ ನಿಲ್ಲುತ್ತಾರೆ; ಅನಿಕೇತ ಅಂಥ ಗೋಡೆಯ ಐದನೆಯ ಒಂದು ಭಾಗ. ಅಮೆರಿಕದ ದೊಡ್ಡ ತಂಡಗಳು ಅವನನ್ನು ಕರೆಯಲಿಲ್ಲ. ಲಂಡನ್ನಿನ ಹೊಸ ವೃತ್ತಿಪರ ತಂಡವೊಂದು ಆಟಗಾರರನ್ನು ಪರೀಕ್ಷಿಸಿ ಆರಿಸುತ್ತಿದೆಯೆಂದು ಕೇಳಿ, ಮೂರು ವಾರಗಳ ಹಿಂದೆ ಕಾಕಾನ ಮನೆಗೆ ಬಂದಿಳಿದಿದ್ದ.

ಆ ಮನೆಯಲ್ಲಿ ಅವನನ್ನು ತಾಳಬಲ್ಲ ಮಂಚ ಒಂದೇ ಇತ್ತು. ಅದು ಮಲ್ಲಪ್ಪನವರದು. ಅಂದಿನಿಂದ ದಂಪತಿಗಳು ಅಡುಗೆಮನೆಯ ನೆಲದ ಮೇಲೆ, ಫ್ರಿಜ್ಜಿನ ಗೊರಕೆ ಕೇಳುತ್ತ ಮಲಗುತ್ತಿದ್ದರು. ಆಯ್ಕೆಯಾದವರಿಗೆ ತಂಡವೇ ಹೋಟೆಲಿನಲ್ಲಿ ವಸತಿ ಕೊಡುತ್ತದೆ ಎಂಬ ವಾಕ್ಯವನ್ನು ಮಲ್ಲಪ್ಪನವರು ದೇವರ ಪೂಜೆಗಿಂತ ಶ್ರದ್ಧೆಯಿಂದ ಜಪಿಸುತ್ತಿದ್ದರು.

ಪರೀಕ್ಷೆ ಅಂದೇ ಮಧ್ಯಾಹ್ನ ಮೂರಕ್ಕೆ. ಕೈತೊಳೆಯುತ್ತ ಅನಿಕೇತ ಸಣ್ಣದೊಂದು ಸಂಗತಿ ಹೇಳಿದ.

"ಕಾಕಾ, ಮಿನಿಮಮ್ ಮುನ್ನೂರು ಪೌಂಡ್ ವೇಟ್ ಬೇಕಂತ. ಇಲ್ಲಂದ್ರ ದೇ ವೋಂಟ್ ಈವನ್ ಟೆಸ್ಟ್ ಮಿ."

ಅವನು ಹತ್ತಿ ನಿಂತೊಡನೆ ಮನೆಯ ತೂಕದ ಯಂತ್ರದ ಮುಳ್ಳು ಪೂರ್ತಿ ಸುತ್ತು ಹೊಡೆದು ಸೊನ್ನೆಯ ಬಳಿ ಬಂದು ನಡುಗಿತು. ಪಕ್ಕದ ಮನೆಯ ಡಾಕ್ಟರ್ ಅಶ್ವತ್ಥನಾರಾಯಣರ ಯಂತ್ರವನ್ನೂ ತರಿಸಬೇಕಾಯಿತು. ಅದರ ಹಿಂದೆ ಡಾಕ್ಟರರೂ ಬಂದರು. ಒಂದರ ಮೇಲೆ ಎಡಗಾಲು, ಇನ್ನೊಂದರ ಮೇಲೆ ಬಲಗಾಲು. ಒಂದು ಹದಿನಾಲ್ಕು ಪೌಂಡಿಗೊಂದರಂತೆ ಸ್ಟೋನಿನಲ್ಲಿ ತೂಗುತ್ತಿತ್ತು, ಇನ್ನೊಂದು ಕಿಲೊದಲ್ಲಿ. ಎರಡನ್ನೂ ಪೌಂಡಿಗೆ ಇಳಿಸಿ ಕೂಡಿದಾಗ ಇನ್ನೂರ ತೊಂಬತ್ತನಾಲ್ಕು ಬಂತು.

"ಆರು ಪೌಂಡ್ ಕಮ್ಮಿ!" ಮಲ್ಲಪ್ಪನವರು ಕುಸಿದು ಕುಳಿತರು. "ನನ್ನ ಮಂಚ ಹೋತು."

"ಕಮ್ಮಿ ಅಲ್ರೀ, ನೂರು ಪೌಂಡ್ ಜಾಸ್ತಿ," ಎಂದರು ಮೈಸೂರಿನ ಡಾಕ್ಟರು. "ಹುಡುಗನ ಭವಿಷ್ಯ ನೋಡ್ಬೇಕು ಅಂದ್ರೆ ಮೊದಲು ಮಂಡಿ ನೋಡ್ಬೇಕು. ಕೂತ್ಕೊಳಪ್ಪ."

ಡಾಕ್ಟರು ಕಿರುಸುತ್ತಿಗೆಯಿಂದ ಮಂಡಿಯನ್ನು ತಟ್ಟಿದರು. ಕಾಲು ಕರ್ತವ್ಯನಿಷ್ಠೆಯಿಂದ ಮೇಲೆದ್ದಿತು. ಡಾಕ್ಟರರ ವರದಿ ಸೋಫಾದ ಹಿಂದಿನಿಂದ ಕೇಳಿಸಿತು: "ಮಂಡಿ... ಚೆನ್ನಾಗಿದೆ."

ಡಾಕ್ಟರು ಬಿದ್ದ ಸದ್ದಿಗೆ ಎದುರುಮನೆಯ ಸತ್ಯಪ್ರಕಾಶ ಓಡಿ ಬಂದ. ಅವನು ವಿಜಯಪುರದವನು, ಹೇಸ್‌ನ ಗೋದಾಮೊಂದರಲ್ಲಿ ಮೇಲ್ವಿಚಾರಕ, ಕೆಂಟನ್ನಿನಲ್ಲಿ ಸಕಲ ವಿಷಯಗಳ ಮೇಲ್ವಿಚಾರಕ. ಅನಿಕೇತನ ಆಟದ ವಿಡಿಯೊ ಹಾಕಿಸಿ ಒಂದು ಗಂಟೆ ನೋಡಿದ.

"ಒಮ್ಮಿನೂ ಚೆಂಡ್ ಮುಟ್ಟಿಲ್ಲಲ್ಲೋ ತಮ್ಮಾ! ನಿನಗ ಚೆಂಡ್ ಕೊಡಂಗಿಲ್ಲೇನು?"

"ನಾಟ್ ಮೈ ಜಾಬ್, ಅಂಕಲ್."

"ಮತ್ತೇನ್ ಮಾಡ್ತಿ?"

"ಅಡ್ಡ ನಿಲ್ತೀನಿ."

"ಅದಕ್ಕ ಪಗಾರ ಕೊಡ್ತಾರ? ನಮ್ಮ ಗೋದಾಮಿನ್ಯಾಗ ಅಡ್ಡ ನಿಂತ್ರ ಪಗಾರ ಕಟ್ ಮಾಡ್ತೀವಿ!"

ಈ ಚರ್ಚೆಯಲ್ಲಿ ಗಿರಿಜಾದೇವಿ ಭಾಗವಹಿಸಲಿಲ್ಲ. ಅವರು ಒಲೆ ಹಚ್ಚಿದರು. ಶೇಂಗಾ ಹೋಳಿಗೆ, ಎಣ್ಣೆಗಾಯಿ, ಬಾನಗಡಿಗೆಯಂಥ ದೊಡ್ಡ ಪಾತ್ರೆಯಲ್ಲಿ ಮೊಸರು. ಧಾರವಾಡದ ಕಡೆಯ ಉಪಚಾರವೆಂದರೆ ಊಟ ಸಾಕೆನ್ನುವವನ ಮಾತನ್ನು ನಂಬದಿರುವುದು.

"ಇದು ನಿಮ್ಮಪ್ಪನ ಹೆಸರಲೆ... ಇದು ನಿಮ್ಮ ಆಯಿ ಹೆಸರಲೆ. ಇನ್ನೊಂದು ತಿನ್ನಲಿಲ್ಲಂದ್ರ ನನ್ನ ಆಣಿ ಐತಿ ನೋಡು!"

"ಕಾಕು, ಐ ಕಾಂಟ್ ಬ್ರೀದ್."

"ಉಸುರು ಆಮ್ಯಾಲ ತಗೋಳಾಕ ಬರ್ತದ. ತುಪ್ಪ ಆರ್ತದ, ತಿನ್ನು."

ಧಾರವಾಡ ಹೀಗೆ ಮುನ್ನುಗ್ಗುತ್ತಿರುವಾಗ ಮೈಸೂರು ಸುಮ್ಮನಿರಲಾಗಲಿಲ್ಲ. ಡಾಕ್ಟರರ ಪತ್ನಿ ವೈದೇಹಿ ಒಂದು ಕೊಳದಪ್ಪಲೆ ಬಿಸಿಬೇಳೆಬಾತು ಕಳಿಸಿದರು. ಕೊಲೆಸ್ಟರಾಲಿನ ಬಗ್ಗೆ ಆಗಷ್ಟೇ ಭಾಷಣ ಮುಗಿಸಿದ್ದ ಡಾಕ್ಟರರೇ ಅದನ್ನು ಹೊತ್ತು ತಂದು, ಮುಖ ತಿರುಗಿಸಿಕೊಂಡು ಬಡಿಸಿದರು.

ಎರಡು ಗಂಟೆಗೆ ಅನಿಕೇತ ಗೋಡೆ ಹಿಡಿದುಕೊಂಡು ಎದ್ದು ಮಹಡಿಯ ಮೆಟ್ಟಿಲಿನ ಕಡೆ ಹೊರಟ. ಮಲ್ಲಪ್ಪನವರು ಓಡಿಹೋಗಿ ಮೊದಲ ಮೆಟ್ಟಿಲಲ್ಲಿ ಕೈಚಾಚಿ ನಿಂತರು.

"ಎಲ್ಲಿಗೆ?"

"ಬಾತ್‌ರೂಮ್, ಕಾಕಾ."

"ತೂಕ ಆಗೂ ತನಕ ಇಲ್ಲ! ಗಳಿಸಿದ್ದನ್ನ ಕಳಿಯಾಕ ಬಿಡಂಗಿಲ್ಲ. ಹೋಗೂದಿದ್ರ ನನ್ನ ದಾಟಿ ಹೋಗು!"

ಮಲ್ಲಪ್ಪನವರದು ಒಂಬತ್ತು ಸ್ಟೋನಿನ ಶರೀರ. ಅನಿಕೇತ ಅವರ ಬಾಗಿದ ಮಂಡಿಗಳನ್ನೂ ಹರಡಿದ ತೋಳುಗಳನ್ನೂ ಗೌರವದಿಂದ ನೋಡಿದ. "ಗುಡ್ ಸ್ಟಾನ್ಸ್, ಕಾಕಾ," ಎಂದು ಹೇಳಿ ಹಿಂತಿರುಗಿದ.

ಮಲ್ಲಪ್ಪನವರ ಪುಟ್ಟ ಕಾರು ಅವನು ಕುಳಿತೊಡನೆ ಎಡಕ್ಕೆ ವಾಲಿತು. ಅದನ್ನು ಸರಿದೂಗಿಸಲು ಡಾಕ್ಟರರೂ ಸತ್ಯಪ್ರಕಾಶನೂ ಹಿಂದಿನ ಸೀಟಿನ ಬಲತುದಿಯಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕುಳಿತರು. ಹೀಗೆ ಅವರು ಎಜ್‌ವೇರ್ ಬಳಿಯ ಮೈದಾನವನ್ನು ಮುಟ್ಟಿದರು.

ತಂಡದ ತೂಕದ ಯಂತ್ರ ಮುನ್ನೂರ ಎರಡು ತೋರಿಸಿತು. ಮಲ್ಲಪ್ಪನವರು ಕಣ್ಣೊರೆಸಿಕೊಂಡರು. ಬಳಿಕ ಇಬ್ಬರು ದಾಂಡಿಗರು ದಿಂಬುಗಳನ್ನು ಹಿಡಿದು ಅನಿಕೇತನ ಮೇಲೆ ಏರಿ ಬಂದರು. ಹೊಟ್ಟೆಯಲ್ಲಿ ಎರಡು ಪ್ರಾಂತಗಳ ಅಡುಗೆಯನ್ನು ಹೊತ್ತವನು ಬಾಗುವಂತಿರಲಿಲ್ಲ, ಓಡುವಂತಿರಲಿಲ್ಲ, ಅಲುಗುವುದಂತೂ ಅಪಾಯವಾಗಿತ್ತು. ಹಲ್ಲು ಕಚ್ಚಿ ನಿಂತ. ದಾಂಡಿಗರೇ ಹಿಂದಕ್ಕೆ ಬಿದ್ದರು. ಕೋಚ್ ಡಾಬ್ಸನ್ 'ಅಪೂರ್ವ ಸ್ಥೈರ್ಯ' ಎಂದು ಬರೆದುಕೊಂಡ. ಅನಿಕೇತ ಮಾತ್ರ ಫಲಿತಾಂಶಕ್ಕೆ ಕಾಯದೆ ಶೌಚಾಲಯದ ಕಡೆಗೆ ಧಾವಿಸಿದ.

"ಆದರೆ ಒಂದು ಸಂಶಯ," ಎಂದ ಕೋಚ್ ಇಂಗ್ಲಿಷಿನಲ್ಲಿ. "ಹೋದ ವಾರ ಗೋಡೆಗೆ ಆರಿಸಿದ ನಾಲ್ವರೂ ಇಲ್ಲಿಯ ಹೋಟೆಲ್ ಊಟದಿಂದ ಆಗಲೇ ತೂಕ ಕಳೆದುಕೊಂಡಿದ್ದಾರೆ. ಇವನ ತೂಕ ನಿಲ್ಲುತ್ತದೆಯೆ?"

ಪೆನ್ನು ಕಾಗದದ ಮೇಲೆ ತಡೆಯಿತು. ಆ ಪೆನ್ನಿನ ತುದಿಯಲ್ಲಿ ಮಲ್ಲಪ್ಪನವರಿಗೆ ತಮ್ಮ ಮಂಚ ತೂಗಾಡುವುದು ಕಂಡಿತು.

"ನಿಲ್ಲುವುದೇನು ಸರ್, ಏರುತ್ತದೆ!" ಎಂದು ಅವರೂ ಇಂಗ್ಲಿಷಿನಲ್ಲೇ ಕೂಗಿದರು. "ಇವತ್ತು ಒಂದು ಊಟಕ್ಕೆ ಎಂಟು ಪೌಂಡು ಏರಿದ್ದಾನೆ. ನನ್ನ ಹೆಂಡತಿಯ ಕೈಯಲ್ಲಿ ಯಾರು ಉಂಡರೂ ಹೀಗೆಯೇ. ಬೇಕಾದವರನ್ನು ಕಳಿಸಿ ನೋಡಿ!"

ಕೋಚ್ ಮಲ್ಲಪ್ಪನವರ ಒಣಗಿದ ಶರೀರವನ್ನು ನೋಡಿ ಹುಬ್ಬೇರಿಸಿದ. ಡಾಕ್ಟರು ಮುಂದೆ ಬಂದು ವೈದ್ಯರಾಗಿ ಪ್ರಮಾಣ ಮಾಡಿದರು. ಆ ಕೈಯಿಂದ ಯಾರೂ ಹಸಿದು ಪಾರಾಗಿಲ್ಲವೆಂದು ಸತ್ಯಪ್ರಕಾಶ ಸಾಕ್ಷಿ ನುಡಿದ. ಕೋಚ್ ಸಹಿ ಹಾಕಿದ.

ಬಟ್ಟೆಬರೆ ಒಯ್ಯಲು ಅನಿಕೇತನನ್ನು ತಂಡದ ವ್ಯಾನಿನಲ್ಲೇ ಕಳಿಸುವುದಾಗಿ ಹೇಳಿದ್ದರು. ಮಲ್ಲಪ್ಪನವರು ಮನೆಗೆ ಬಂದು, ಬೂಟು ಸಹ ಬಿಚ್ಚದೆ ಮಂಚದ ಮೇಲೆ ಉದ್ದಕ್ಕೆ ಮಲಗಿದರು. ಮೂರು ವಾರಗಳ ಬೆನ್ನುನೋವು ಹಾಸಿಗೆಯೊಳಗೆ ಇಳಿಯತೊಡಗಿತ್ತು. ಆಗ ಕರೆಗಂಟೆ ಹೊಡೆಯಿತು.

ಬಾಗಿಲಲ್ಲಿ ಕೋಚ್ ಇದ್ದ. ಪಕ್ಕದಲ್ಲಿ ಅನಿಕೇತ, ತಲೆತಗ್ಗಿಸಿಕೊಂಡು. ಅವರ ಹಿಂದೆ ಬೀದಿ ಕಾಣಿಸುತ್ತಿರಲಿಲ್ಲ; ನಾಲ್ವರು ಭಾರಿ ಆಳುಗಳು ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದರು.

"ನೀವು ಹೇಳಿದ್ದನ್ನು ದಾರಿಯುದ್ದಕ್ಕೂ ಯೋಚಿಸಿದೆ," ಎಂದ ಕೋಚ್. "ಹೋಟೆಲ್ ರದ್ದು ಮಾಡಿಬಿಟ್ಟೆ. ಗೋಡೆಯ ಐವರೂ ಒಂದೇ ಮನೆಯಲ್ಲಿ ಉಂಡು ಮಲಗಿದರೆ ಹೊಂದಾಣಿಕೆಗೂ ಒಳ್ಳೆಯದು. ಸೀಸನ್ ಮುಗಿಯುವವರೆಗೆ ಮಾತ್ರ."

ಮಲ್ಲಪ್ಪನವರು ಬಾಯಿ ತೆರೆದರು. ಮಾತು ಹೊರಡುವ ಮೊದಲೇ ಗಿರಿಜಾದೇವಿ ಅವರನ್ನು ಪಕ್ಕಕ್ಕೆ ಸರಿಸಿ ಹೊರಗೆ ನೋಡಿದರು.

"ಅಯ್ಯ, ಎಷ್ಟ್ ಸೊರಗ್ಯಾವ್ರೀ ಹುಡುಗ್ರು! ಒಳಗ ಬರ್ರೆಪಾ, ರೊಟ್ಟಿ ಬಡೀತೀನಿ."

ಮಾತಿನ ಅರ್ಥ ತಿಳಿಯದಿದ್ದರೂ ನಾಲ್ವರೂ ಅನಿಕೇತನ ಹಿಂದೆ ಒಳಗೆ ಬಂದರು. ಕೋಚ್ ಮಲ್ಲಪ್ಪನವರ ಎರಡೂ ಕೈಗಳನ್ನು ಹಿಡಿದು ಕುಲುಕಿದ.

"ಮಿಸ್ಟರ್ ಮಲ್ಲಪ್ಪ, ನಿಮ್ಮ ಈ ಋಣವನ್ನು ನಮ್ಮ ತಂಡ ಎಂದೆಂದಿಗೂ ತೀರಿಸಲಾರದು."

ತಂಡ ಆ ಮಾತನ್ನು ಇಂದಿನವರೆಗೂ ಚಾಚೂ ತಪ್ಪದೆ ನಡೆಸಿಕೊಂಡು ಬಂದಿದೆ.